ಫ್ರೆಂಚ್ ಬಾರದವರಿಗೆ ಕ್ವಿಬೆಕ್‌ನ ಆದರ



ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆ ನೋಡಲೆಂದೋ ನಮ್ಮ ಊರುಗಳಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ರಿಯಲ್ ನಗರಕ್ಕೆ ಹೊರಡುವ ಹಿರಿಯರು ಈಗ ಅಪರೂಪವಲ್ಲ. ನಾನು ಆ ಕಡೆ ಹೋಗಿ ಬಂದಿದ್ದೇನೆಂದು ತಿಳಿದು ಅವರಲ್ಲಿ ಕೆಲವರು ವಿಚಾರಿಸುವುದುಂಟು. ಚಳಿಯ ಬಗ್ಗೆ ಅವರಿಗೆ ಅಷ್ಟು ಚಿಂತೆಯಿಲ್ಲ. ಸ್ವೆಟರು, ಉಣ್ಣೆಯ ಟೋಪಿ, ಕಾಲುಚೀಲ ಎಲ್ಲ ಆಗಲೇ ಸೂಟ್‌ಕೇಸು ಸೇರಿರುತ್ತವೆ. ಅವರು ಕೇಳುವುದು ಇದನ್ನು: "ಅಲ್ಲಿ ಎಲ್ಲಾ ಫ್ರೆಂಚಂತೆ ಕಣ್ರೀ. ನಮ್ಗೆ ಇಂಗ್ಲಿಷೇ ಅಷ್ಟಕ್ಕಷ್ಟೆ. ಅಂಗಡಿ ಕಡೆ ಹೋದ್ರೆ ಮುಖ ಕೊಟ್ಟು ಮಾತಾಡಿಸ್ತಾರಾ?"

ಮಾತಾಡಿಸುತ್ತಾರೆ, ಸಂತೋಷದಿಂದಲೇ ಮಾತಾಡಿಸುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಮ್ಮ ನುಡಿಗಾಗಿ ಅಷ್ಟು ಕಟ್ಟುನಿಟ್ಟಿನ ಕಾನೂನು ಮಾಡಿಕೊಂಡ ಜನ, ಆ ನುಡಿಯ ಗಂಧವೇ ಇಲ್ಲದವರನ್ನು ಹೀಗೆ ಆದರಿಸುವುದು ಹೇಗೆ? ಆ ಆದರ ಎಲ್ಲಿಯವರೆಗೆ, ಎಲ್ಲಿಗೆ ಬಂದಾಗ ತಣ್ಣಗಾಗುತ್ತದೆ? ಇವತ್ತು ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆಂದಿದ್ದೇನೆ. ತಾಯ್ನುಡಿಯ ಅಳಿವು ಉಳಿವಿನ ಮಾತನ್ನು ದಿನವೂ ಆಡುವ ಕನ್ನಡಿಗರಿಗೆ ಇದರಲ್ಲಿ ತಿಳಿಯುವುದು ಬಹಳವಿದೆ.

ಜನರ ಅಳುಕಿಗೆ ಕಾರಣ ದೂರದಿಂದ ಕೇಳಿಬರುವ ಸುದ್ದಿಗಳು. 2013ರಲ್ಲಿ ಮಾಂಟ್ರಿಯಲ್‌ನ ಇಟಾಲಿಯನ್ ರೆಸ್ಟೋರೆಂಟ್ ಒಂದರ ಮೆನುವಿನಲ್ಲಿ 'ಪಾಸ್ತಾ' ಮುಂತಾದ ಇಟಾಲಿಯನ್ ಪದಗಳಿವೆಯೆಂದು ಅಲ್ಲಿನ ಭಾಷಾ ಕಚೇರಿ ಆಕ್ಷೇಪದ ಕಾಗದ ಬರೆಯಿತು. ಹೊರದೇಶಗಳ ಪತ್ರಿಕೆಗಳೂ ಅದನ್ನು ಎತ್ತಿ ಆಡಿದವು. ಇದು ಅತಿಯಾಯಿತೆಂದು ಕ್ವಿಬೆಕ್‌ನವರೇ ಹೇಳಿದರು. ಕೊನೆಗೆ ಆ ಕಚೇರಿಯ ಮುಖ್ಯಸ್ಥೆ ಹುದ್ದೆ ಬಿಡಬೇಕಾಯಿತು. 2017ರ ನವೆಂಬರ್ 30ರಂದು ಕ್ವಿಬೆಕ್‌ನ ಶಾಸನಸಭೆ ಒಂದು ನಿರ್ಣಯ ಮಾಡಿತು. ಮಾಂಟ್ರಿಯಲ್ ಪೇಟೆಯಲ್ಲಿ ಗಿರಾಕಿ ಒಳಗೆ ಕಾಲಿಟ್ಟೊಡನೆ 'ಬೋಂಜೂರ್-ಹಾಯ್' ಎಂದು ಎರಡು ಭಾಷೆಯಲ್ಲೂ ಒಂದೇ ಉಸಿರಿಗೆ ಸ್ವಾಗತಿಸುವ ರೂಢಿಯಿದೆ. ಅದರ ಬದಲು 'ಬೋಂಜೂರ್' ಎಂದಷ್ಟೇ ಹೇಳಲಿ ಎಂದು ಸಭೆ ಅಂಗಡಿಯವರನ್ನು ಕೇಳಿಕೊಂಡಿತು. ಒಂದು ಮತವೂ ವಿರುದ್ಧ ಬೀಳಲಿಲ್ಲ. ಮುಂದೆ 2022ರಲ್ಲಿ, ಭಾಷೆಯ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿದ, 96ನೇ ಮಸೂದೆಯೆಂದು ಹೆಸರಾದ ಕಾನೂನು ಬಂತು. ಇಂಥವನ್ನು ಪತ್ರಿಕೆಯಲ್ಲಿ ಓದಿದವರಿಗೆ, ಇವರು ಬೇರೆ ಭಾಷೆ ಕಿವಿಗೆ ಬಿದ್ದರೇ ಸಿಡಿಯುವ ಜನ ಅನ್ನಿಸುವುದು ಸಹಜ.

ಆದರೆ ಈ ಕಾನೂನುಗಳು ಯಾರನ್ನು ಕಟ್ಟಿಹಾಕುತ್ತವೆ ಎಂಬುದನ್ನು ನೋಡಬೇಕು. ಇವುಗಳ ಬೇರು 1977ರ ಆಗಸ್ಟ್ 26ರಂದು ಜಾರಿಗೆ ಬಂದ ಫ್ರೆಂಚ್ ಭಾಷಾ ಸನ್ನದಿನಲ್ಲಿದೆ. ಜನ ಅದನ್ನು ಇಂದಿಗೂ '101ನೇ ಕಾನೂನು' ಎಂದೇ ಕರೆಯುತ್ತಾರೆ. ರೆನೆ ಲೆವೆಕ್ ಅವರ ಸರ್ಕಾರದಲ್ಲಿ ಅದನ್ನು ರೂಪಿಸಿದವರು ಮಂತ್ರಿ ಕಮಿಲ್ ಲೊರಾಂ. ಕಾರ್ಖಾನೆಯ ಕೆಲಸ ಯಾವ ಭಾಷೆಯಲ್ಲಿ ನಡೆಯಬೇಕು, ಅಂಗಡಿಯ ಬೋರ್ಡು ಹೇಗಿರಬೇಕು, ವಲಸೆ ಬಂದವರ ಮಕ್ಕಳು ಯಾವ ಶಾಲೆಗೆ ಹೋಗಬೇಕು, ಸರ್ಕಾರ ಯಾವ ಭಾಷೆಯಲ್ಲಿ ಕಾಗದ ಬರೆಯಬೇಕು ಎಂಬುದೆಲ್ಲ ಅದರಲ್ಲಿದೆ. ಬೋರ್ಡಿನ ನಿಯಮಕ್ಕಂತೂ ದೊಡ್ಡ ಕಥೆಯೇ ಇದೆ. ಮೊದಲು ಹೊರಗಿನ ಬೋರ್ಡಿನಲ್ಲಿ ಫ್ರೆಂಚ್ ಒಂದೇ ಇರಬೇಕೆಂದಿತ್ತು. 1988ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ಅದು ಸಲ್ಲದೆಂದಿತು. 1993ರ ತಿದ್ದುಪಡಿಯಲ್ಲಿ ಬೇರೆ ಭಾಷೆಗೂ ಜಾಗ ಸಿಕ್ಕಿತು, ಫ್ರೆಂಚ್ ಎದ್ದು ಕಾಣಬೇಕೆಂಬ ಷರತ್ತಿನ ಮೇಲೆ. ಊರು ನೋಡಲು ಬಂದವನು ಫ್ರೆಂಚ್‌ನಲ್ಲೇ ಮಾತಾಡಬೇಕೆಂದು ಮಾತ್ರ ಈ ಯಾವ ಕಾನೂನಿನಲ್ಲೂ ಬರೆದಿಲ್ಲ. ಬೋಂಜೂರ್ ನಿರ್ಣಯ ಕೂಡ ಅಂಗಡಿಯವರಿಗೆ ಮಾಡಿದ ವಿನಂತಿ. ಮೀರಿದರೆ ದಂಡವಿಲ್ಲ. ಅತಿಥಿಗೆ ಅದರಲ್ಲಿ ಯಾವ ಕಟ್ಟೂ ಇಲ್ಲ.

ಇನ್ನು ಬೀದಿಗೆ ಇಳಿಯೋಣ. ವಿಮಾನ ನಿಲ್ದಾಣದಿಂದ ಹೊರಟ ಕೂಡಲೇ ಹೆದ್ದಾರಿಯ ಫಲಕಗಳೆಲ್ಲ ಫ್ರೆಂಚ್. ನಾಲ್ಕು ದಾರಿ ಕೂಡುವಲ್ಲಿ ನಿಲ್ಲಿಸೆಂದು ಹೇಳುವ ಕೆಂಪು ಫಲಕದ ಮೇಲೂ 'ಅರೆ' ಎಂಬ ಫ್ರೆಂಚ್ ಪದ. ಖುದ್ದು ಫ್ರಾನ್ಸಿನಲ್ಲೇ ಆ ಫಲಕದ ಮೇಲೆ 'ಸ್ಟಾಪ್' ಎಂದಿರುತ್ತದೆ. ಮೆಟ್ರೋದಲ್ಲಿ ನಿಲ್ದಾಣದ ಹೆಸರು ಕೂಗುವುದು ಫ್ರೆಂಚ್‌ನಲ್ಲಿ. ಹೊಸಬರಿಗೆ ಒಂದು ಕ್ಷಣ ಎದೆ ಝಲ್ಲೆನ್ನುತ್ತದೆ. ಆದರೆ ಎದುರು ಸಿಕ್ಕ ಮನುಷ್ಯನನ್ನು ಮಾತಾಡಿಸಿ ನೋಡಿ, ಆ ಭಯ ಅಲ್ಲೇ ಕರಗುತ್ತದೆ. 2021ರ ಜನಗಣತಿಯ ಪ್ರಕಾರ ಕ್ವಿಬೆಕ್‌ನಲ್ಲಿ ನೂರಕ್ಕೆ 46 ಜನ ಫ್ರೆಂಚ್ ಇಂಗ್ಲಿಷ್ ಎರಡನ್ನೂ ಬಲ್ಲವರು. ಕೆನಡಾ ದೇಶ ಪೂರ್ತಿ ತೆಗೆದುಕೊಂಡರೆ ಅಂಥವರು ನೂರಕ್ಕೆ 18 ಮಾತ್ರ. ಮಾಂಟ್ರಿಯಲ್‌ನಲ್ಲಂತೂ ಅರ್ಧಕ್ಕಿಂತ ಹೆಚ್ಚು. ಎಂದರೆ, ಭಾಷೆಯ ಹಟಮಾರಿಗಳೆಂದು ಹೆಸರು ಹೊತ್ತ ಈ ಜನವೇ ಆ ದೇಶದಲ್ಲಿ ಇನ್ನೊಬ್ಬರ ಭಾಷೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಕಲಿತವರು.

ಫ್ರೆಂಚ್ ಕಲಿಯಲೆಂದೇ ಮಾಂಟ್ರಿಯಲ್‌ಗೆ ಬರುವ ವಿದ್ಯಾರ್ಥಿಗಳ ದೂರು ಕೇಳಬೇಕು. ಅವರು ತಡವರಿಸುತ್ತ ಒಂದು ವಾಕ್ಯ ಆರಂಭಿಸುತ್ತಾರೆ. ಅದು ಮುಗಿಯುವ ಮೊದಲೇ ಕಾಫಿ ಅಂಗಡಿಯ ಹುಡುಗಿ ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟುಬಿಡುತ್ತಾಳೆ. "ನಮಗೆ ಕಲಿಯಲು ಬಿಡುವುದೇ ಇಲ್ಲ" ಎಂದು ಇವರ ಕೊರಗು. ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಹೊರಟ ಹೊರನಾಡಿನವರು ನಮ್ಮ ಮೇಲೆ ಹೇಳುವ ದೂರೂ ಇದೇ. ಎದುರಿನವರಿಗೆ ಕಷ್ಟವಾಗಬಾರದೆಂಬ ಸದ್ಭಾವನೆಯಿಂದಲೇ ಎರಡೂ ಊರಿನವರು ತಮ್ಮ ನುಡಿಯನ್ನು ಪಕ್ಕಕ್ಕಿಡುತ್ತಾರೆ.

ಇಂಗ್ಲಿಷೂ ಬಾರದವರ ಪಾಡೇನು ಎಂದು ಕೇಳುವ ತಾಯಂದಿರಿಗೆ ನಾನು ಜಾನ್-ತಾಲೊಂ ಮಾರುಕಟ್ಟೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. 1933ರಲ್ಲಿ ಆರಂಭವಾದ ದೊಡ್ಡ ತರಕಾರಿ ಮಾರುಕಟ್ಟೆ ಅದು. ಬೇಸಿಗೆಯಲ್ಲಿ ಸುತ್ತಲಿನ ರೈತರು ತಂದು ಸುರಿದ ಟೊಮೇಟೊ, ಜೋಳದ ತೆನೆ, ಸ್ಟ್ರಾಬೆರಿಗಳ ರಾಶಿ. ಹಣ್ಣಿನ ಹೋಳು ಮಾಡಿ ತಟ್ಟೆಯಲ್ಲಿಟ್ಟು, ತಿಂದು ನೋಡಿ ಎಂದು ಬಂದವರಿಗೆಲ್ಲ ಚಾಚುತ್ತಾರೆ. ಹಾಸನದ ಕಡೆಯ ಒಬ್ಬ ತಾಯಿ, ಮಗಳ ಬಾಣಂತನಕ್ಕೆ ಬಂದವರು, ಅಲ್ಲಿ ಒಬ್ಬ ಮುದುಕನ ಮುಂದೆ ನಿಂತು ಸೊಪ್ಪು ಆರಿಸುತ್ತಿದ್ದರು. ಈಕೆ ಆಡುತ್ತಿದ್ದುದು ಅಪ್ಪಟ ಕನ್ನಡ, ಆತ ಆಡುತ್ತಿದ್ದುದು ಹಳ್ಳಿಯ ಫ್ರೆಂಚ್. ಆಕೆ ಒಂದು ಕಟ್ಟು ಮೂಸಿ ನೋಡಿ ತಲೆಯಾಡಿಸಿದರು. ಆತ ಒಳಗಿನಿಂದ ಇನ್ನೊಂದು ಕಟ್ಟು ತಂದು, ಎಲೆ ಜಜ್ಜಿ ಮೂಗಿನ ಹತ್ತಿರ ಹಿಡಿದ. ಸಾಲಿನಲ್ಲಿ ಹಿಂದಿದ್ದವರು ಒಬ್ಬರೂ ಗೊಣಗಲಿಲ್ಲ. ದುಡ್ಡು ಕೊಡುವ ಹೊತ್ತಿಗೆ ಆಕೆ ಅಂಗೈ ತುಂಬ ನಾಣ್ಯ ಚಾಚಿದರು. ಆತ ಒಂದೊಂದೇ ಆರಿಸಿ, ಎತ್ತಿ ತೋರಿಸಿ ತೆಗೆದುಕೊಂಡು, ಮಿಕ್ಕದ್ದನ್ನು ಅವರ ಬೆರಳು ಮಡಿಸಿ ಕೊಟ್ಟ. ಅಲ್ಲಿಂದ ಪಾರ್ಕ್ ಎಕ್ಸ್‌ಟೆನ್ಷನ್ ಎಂಬ ಬಡಾವಣೆ ದೂರವಿಲ್ಲ. ಅಲ್ಲಿಯ ಅಂಗಡಿಗಳಲ್ಲಿ ಪಂಜಾಬಿ, ತಮಿಳು, ಬಂಗಾಳಿ ಕೇಳುತ್ತದೆ. ಕರಿಬೇವು, ಹಸಿಮೆಣಸಿನಕಾಯಿ, ರಾಗಿಹಿಟ್ಟಿಗೆ ಹೆಚ್ಚು ಅಲೆಯಬೇಕಿಲ್ಲ.

ಇಷ್ಟು ತಾಳ್ಮೆಯ ಜನಕ್ಕೆ ಅಷ್ಟು ಬಿಗಿಯಾದ ಕಾನೂನು ಯಾಕೆ ಬೇಕಾಯಿತು? ಚರಿತ್ರೆ ತಿಳಿಯದೆ ಇದು ಅರ್ಥವಾಗದು. ಫ್ರಾನ್ಸಿನ ಸ್ಯಾಮ್ಯುಯೆಲ್ ಶಾಂಪ್ಲೇನ್ ಕ್ವಿಬೆಕ್ ನಗರವನ್ನು ಕಟ್ಟಿದ್ದು 1608ರಲ್ಲಿ. 1759ರ ಸೆಪ್ಟೆಂಬರಿನಲ್ಲಿ ಆ ಕೋಟೆಯ ಹೊರಗಿನ ಬಯಲಿನಲ್ಲಿ ನಡೆದ ಕದನದಲ್ಲಿ ಬ್ರಿಟಿಷರು ಗೆದ್ದರು. ಎರಡೂ ಕಡೆಯ ಸೇನಾಪತಿಗಳು, ವುಲ್ಫ್ ಮತ್ತು ಮೊಂಕಾಮ್, ಆ ಕದನದಲ್ಲೇ ಗಾಯಗೊಂಡು ಸತ್ತರು. 1763ರ ಒಪ್ಪಂದದಲ್ಲಿ ಫ್ರಾನ್ಸ್ ಈ ನೆಲವನ್ನು ಬಿಟ್ಟುಕೊಟ್ಟಿತು. ಹಿಂದೆ ಉಳಿದದ್ದು ಲಕ್ಷಕ್ಕೂ ಕಡಿಮೆ ಜನ, ಹೆಚ್ಚಿನವರು ರೈತರು. ತಾಯ್ನಾಡು ಕೈಬಿಟ್ಟ ಮೇಲೆ ಅವರ ಪಾಲಿಗಿದ್ದದ್ದು ಚರ್ಚು, ಹೊಲ ಮತ್ತು ಮಾತು. ಈಗ ಅವರ ಪ್ರಾಂತ್ಯದಲ್ಲಿ ಸುಮಾರು 90 ಲಕ್ಷ ಜನರಿದ್ದಾರೆ, ಅವರಲ್ಲಿ ಸುಮಾರು ಮುಕ್ಕಾಲು ಪಾಲು ಫ್ರೆಂಚ್ ತಾಯ್ನುಡಿಯವರು. ಸುತ್ತ ಇರುವುದು ಇಂಗ್ಲಿಷೇ ಪ್ರಧಾನವಾದ, 35 ಕೋಟಿಗೂ ಮೀರಿದ ಜನ.

1960ರ ದಶಕದವರೆಗೂ ಮಾಂಟ್ರಿಯಲ್‌ನ ಬ್ಯಾಂಕು, ಕಾರ್ಖಾನೆ, ದೊಡ್ಡ ಮಳಿಗೆಗಳ ಒಡೆತನ ಇಂಗ್ಲಿಷಿನವರದ್ದು. ಫ್ರೆಂಚ್ ಮಾತಿನವರು ತಮ್ಮದೇ ಊರಿನ ಮಳಿಗೆಯಲ್ಲಿ ಫ್ರೆಂಚ್ ಆಡಿದರೆ ಉತ್ತರ ಸಿಗುತ್ತಿರಲಿಲ್ಲ. "ಸ್ಪೀಕ್ ವೈಟ್", ಬಿಳಿಯರ ಮಾತಾಡು, ಎಂಬ ಬೈಗುಳ ಅವರಿಗೆ ಚಿರಪರಿಚಿತವಾಗಿತ್ತು. ಮಿಶೆಲ್ ಲಲೋಂದ್ ಎಂಬ ಕವಯಿತ್ರಿ 1968ರಲ್ಲಿ ಅದನ್ನೇ ಹೆಸರಾಗಿಟ್ಟು ಬರೆದ ಕವಿತೆ ಒಂದು ಪೀಳಿಗೆಯ ದನಿಯಾಯಿತು. ಭಾಷೆಗಳ ಕುರಿತು ಕೇಂದ್ರ ಸರ್ಕಾರ 1963ರಲ್ಲಿ ನೇಮಿಸಿದ ಆಯೋಗವು, ಕ್ವಿಬೆಕ್‌ನಲ್ಲೇ ಫ್ರೆಂಚರ ಸಂಪಾದನೆ ಕೆಳಗಿನ ಸಾಲಿನಲ್ಲಿದೆಯೆಂದು ಲೆಕ್ಕ ಸಮೇತ ತೋರಿಸಿತು. ಬಹುಸಂಖ್ಯಾತರಾಗಿದ್ದೂ ಗಲ್ಲಾದ ಮುಂದೆ ಮೂಕರಂತೆ ನಿಲ್ಲಬೇಕಾಗಿ ಬಂದ ಅವಮಾನ ಎಂಥದೆಂದು ಅಲ್ಲಿನ ಮುದುಕರು ಇಂದಿಗೂ ಹೇಳುತ್ತಾರೆ. ಭಾಷೆ ಬಾರದೆ ಪೆಚ್ಚಾಗಿ ನಿಂತವರನ್ನು ಕಂಡರೆ ಅವರು ಮೃದುವಾಗುವುದು ಈ ನೆನಪಿನಿಂದಲೇ ಎಂದು ನಾನು ನಂಬಿದ್ದೇನೆ.

ಮಾಂಟ್ರಿಯಲ್ ಬಿಟ್ಟು ಒಳನಾಡಿಗೆ ಹೋದಷ್ಟೂ ಇಂಗ್ಲಿಷ್ ತೆಳುವಾಗುತ್ತದೆ. ಕ್ವಿಬೆಕ್ ನಗರದ ಹಳೆಯ ಕೋಟೆಯೊಳಗೆ ಪ್ರವಾಸಿಗರ ಸಂತೆ, ಅಲ್ಲಿ ಅಡ್ಡಿಯಿಲ್ಲ. ತಿಮಿಂಗಿಲ ನೋಡಲು ಜನ ಹೋಗುವ ತಾದುಸಾಕ್, ಅದರಾಚೆ ಸಾಗೆನೆ, ಇನ್ನೂ ದೂರದ ಗಾಸ್ಪೆಸಿ ಕಡಲತೀರ, ಇಲ್ಲೆಲ್ಲ ಹೆಚ್ಚಿನವರದು ಫ್ರೆಂಚ್ ಒಂದೇ ನುಡಿ. ಅಲ್ಲೇ ಆದರ ಇನ್ನೂ ಹೆಚ್ಚು ಎನ್ನುವುದು ನನ್ನ ಅನುಭವ. ದಾರಿ ಕೇಳಿದರೆ ಕೈಸನ್ನೆಯಲ್ಲಿ ಹೇಳಿ, ಅನುಮಾನ ಬಂದರೆ ತಾವೇ ತಿರುವಿನವರೆಗೆ ನಡೆದು ಬರುತ್ತಾರೆ. ಈಗಂತೂ ಫೋನಿನಲ್ಲಿ ಅನುವಾದದ ಅನುಕೂಲವಿದೆ. ಫೋನು ಕೈಯಿಂದ ಕೈಗೆ ಹೋಗುತ್ತ ಮಾತು ಸಾಗುತ್ತದೆ. ಇಂಗ್ಲಿಷ್ ಕೆನಡಾದ ವಿದ್ಯಾರ್ಥಿಗಳು ಐದು ವಾರ ಫ್ರೆಂಚ್ ಕಲಿಯಲು ಈ ಊರುಗಳಿಗೆ ಬರುವ ಸರ್ಕಾರಿ ಯೋಜನೆಯೊಂದಿದೆ. ಅವರಲ್ಲಿ ಎಷ್ಟೋ ಮಂದಿ ಸ್ಥಳೀಯರ ಮನೆಗಳಲ್ಲೇ ಉಳಿದು, ಮನೆಯವರ ಜೊತೆ ಉಂಡು ಕಲಿಯುತ್ತಾರೆ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಹೋದವರು ಅಲ್ಲಿನ 'ಕಬಾನ್ ಅ ಸುಕ್ರ್' ನೋಡದೆ ಬರಬಾರದು. ಅದು ಅವರ ಆಲೆಮನೆ. ಹಿಮ ಕರಗುವ ಹೊತ್ತಿಗೆ ಮೇಪಲ್ ಮರದ ತೊಗಟೆಗೆ ತೂತು ಹಾಕಿ ರಸ ಇಳಿಸುತ್ತಾರೆ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ. ಜಗತ್ತಿನ ಮೇಪಲ್ ಪಾಕದಲ್ಲಿ ಸುಮಾರು ನೂರಕ್ಕೆ 70 ಭಾಗ ಕ್ವಿಬೆಕ್‌ನದು. ನಮ್ಮ ಮಂಡ್ಯದ ಕಡೆ ಆಲೆಮನೆಗೆ ಹೋದವರನ್ನು ಕಬ್ಬಿನ ಹಾಲು ಕುಡಿಸದೆ, ಬಿಸಿ ಬೆಲ್ಲ ಕೊಡದೆ ಕಳಿಸುವುದಿಲ್ಲವಷ್ಟೆ. ಅಲ್ಲಿಯೂ ಹಾಗೇ. ಉದ್ದನೆಯ ಮೇಜಿನ ಇಕ್ಕೆಲದಲ್ಲಿ ಗುರುತಿಲ್ಲದವರು ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಹಂದಿಮಾಂಸ, ಅವರೆಯಂಥ ಕಾಳಿನ ಪಲ್ಯ, ಬಟಾಣಿ ಸಾರು ಪಾತ್ರೆ ಸಮೇತ ಒಬ್ಬರಿಂದೊಬ್ಬರಿಗೆ ದಾಟುತ್ತವೆ. ಮಾಂಸ ತಿನ್ನದವರು ಮೊದಲೇ ತಿಳಿಸುವುದು ಒಳ್ಳೆಯದು. ಊಟವಾದ ಮೇಲೆ ಹೊರಗೆ ಹಿಮದ ಮೇಲೆ ಬಿಸಿ ಪಾಕ ಎರೆಯುತ್ತಾರೆ, ಅದನ್ನು ಕಡ್ಡಿಗೆ ಸುತ್ತಿಕೊಂಡು ತಿನ್ನಬೇಕು. ಮಾತು ಬಾರದ ಅತಿಥಿಯ ಕೈಗೆ ಕಡ್ಡಿ ಕೊಟ್ಟು, ಸುತ್ತುವುದನ್ನು ಕಲಿಸಲು ಅಲ್ಲಿನ ಮಕ್ಕಳೇ ಮುಂದೆ ಬರುತ್ತಾರೆ.

ಫ್ರಾನ್ಸಿನ ಮಾತು ಬೇರೆ. ಪ್ಯಾರಿಸ್‌ನವರು ಸಿಡುಕರೆಂಬ ಹೆಸರು ಅಲ್ಲಿಯವರಿಗೇ ನೋವುಂಟುಮಾಡಿ, 2013ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ ಮತ್ತು ಪ್ರವಾಸೋದ್ಯಮದವರು ಹೋಟೆಲ್ ಮಾಣಿಗಳಿಗೆ, ಟ್ಯಾಕ್ಸಿಯವರಿಗೆ, ಅಂಗಡಿಯವರಿಗೆ ಒಂದು ಕೈಪಿಡಿ ಹಂಚಿದರು. ಯಾವ ದೇಶದ ಅತಿಥಿಯನ್ನು ಹೇಗೆ ಕಾಣಬೇಕೆಂಬ ವಿವರ ಅದರಲ್ಲಿತ್ತು. 30,000 ಪ್ರತಿ ಅಚ್ಚಾಯಿತು. ಪ್ಯಾರಿಸ್ಸಿನಲ್ಲಿ ತಕರಾರು ಹುಟ್ಟುವುದು ಫ್ರೆಂಚ್ ಬಾರದ್ದಕ್ಕಲ್ಲ. ಅಂಗಡಿಯೊಳಗೆ ಬಂದವರು ಮೊದಲು ನಮಸ್ಕಾರ ಹೇಳಬೇಕೆಂಬುದು ಅಲ್ಲಿನ ಮರ್ಯಾದೆ. ಅದನ್ನು ತಿಳಿಯದೆ ನೇರ ಬೆಲೆ ಕೇಳಿದವರಿಗೆ ಒರಟು ಉತ್ತರ ಸಿಗುತ್ತದೆ. ಕ್ವಿಬೆಕ್‌ನವರು ಅಷ್ಟು ಶಿಷ್ಟಾಚಾರದವರಲ್ಲ. ಅಪರಿಚಿತರನ್ನೂ ಏಕವಚನದಲ್ಲಿ ಮಾತಾಡಿಸಿಬಿಡುತ್ತಾರೆ. ಅದು ಸಲಿಗೆ, ಅಗೌರವವಲ್ಲ.

ಆದರ ತಣ್ಣಗಾಗುವ ಜಾಗವನ್ನೂ ಹೇಳಬೇಕು. ನೋಡಲು ಬಂದವರು ಬೇರೆ, ನೆಲೆಸಲು ಬಂದವರು ಬೇರೆ ಎಂದು ಕ್ವಿಬೆಕ್ ಸ್ಪಷ್ಟವಾಗಿ ಗೆರೆ ಎಳೆದಿದೆ. ವರ್ಷಗಟ್ಟಲೆ ಅಲ್ಲೇ ದುಡಿದು, ಮನೆ ಕೊಂಡು, ಒಂದು ವಾಕ್ಯ ಫ್ರೆಂಚ್ ಕಲಿಯದವರ ಮೇಲೆ ಅಸಮಾಧಾನವಿದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. ಅದು ನ್ಯಾಯವೆಂದೇ ನನ್ನ ಅಭಿಪ್ರಾಯ. ಕಲಿಯಲು ದಾರಿಯನ್ನೂ ಅವರು ಮಾಡಿಕೊಟ್ಟಿದ್ದಾರೆ. 2023ರ ಜೂನ್‌ನಿಂದ 'ಫ್ರಾನ್ಸಿಸಾಸಿಯೊಂ ಕ್ವಿಬೆಕ್' ಎಂಬ ಸಂಸ್ಥೆಯ ಮೂಲಕ ವಲಸಿಗರಿಗೆ ಉಚಿತವಾಗಿ ಫ್ರೆಂಚ್ ಹೇಳಿಕೊಡುತ್ತಾರೆ. ಆದರೆ ಹೊಸದಾಗಿ ಬಂದವರೊಂದಿಗೆ ಆರು ತಿಂಗಳ ನಂತರ ಸರ್ಕಾರ ಫ್ರೆಂಚ್‌ನಲ್ಲೇ ವ್ಯವಹರಿಸಬೇಕೆಂಬ 2022ರ ನಿಯಮವನ್ನು ನಾನು ಒಪ್ಪಲಾರೆ. ಆರೋಗ್ಯ, ಸುರಕ್ಷತೆಯಂಥ ವಿಷಯಗಳಿಗೆ ವಿನಾಯಿತಿ ಇದೆ, ನಿಜ. ಆದರೂ ಯುದ್ಧದಿಂದ ಪಾರಾಗಿ ಬಂದವರು, ವಯಸ್ಸಾದವರು, ಎರಡು ಪಾಳಿ ದುಡಿಯುವವರು ಆರು ತಿಂಗಳಲ್ಲಿ ಕಚೇರಿಯ ಕಾಗದ ಓದುವಷ್ಟು ಭಾಷೆ ಕಲಿಯುವುದು ಆಗದ ಮಾತು. ಎರಡು ಶತಮಾನಕ್ಕೂ ಹಿಂದಿನಿಂದ ಅಲ್ಲೇ ಬದುಕಿರುವ ಇಂಗ್ಲಿಷ್ ಮಾತಿನ ಕ್ವಿಬೆಕ್‌ನವರಿಗೂ ಈ ಕಾನೂನಿನಿಂದ ನೋವಾಗಿದೆ. ಫ್ರೆಂಚ್, ಇಂಗ್ಲಿಷ್ ಎರಡಕ್ಕೂ ಮುಂಚಿನ ಕ್ರೀ, ಇನುಕ್ಟಿಟುಟ್, ಮೋಹಾಕ್‌ನಂಥ ನುಡಿಗಳ ಮೂಲನಿವಾಸಿಗಳು ತಮ್ಮ ಭಾಷೆಗೂ ಇಷ್ಟೇ ಕಾಳಜಿ ಸಿಗಲಿ ಎಂದು ಕೇಳುತ್ತಿದ್ದಾರೆ. ಕಿರುಭಾಷೆಯ ಕಷ್ಟ ಉಂಡವರಿಗೆ ಈ ಬೇಡಿಕೆ ಎಲ್ಲರಿಗಿಂತ ಬೇಗ ತಿಳಿಯಬೇಕಿತ್ತು.

ನಮ್ಮಲ್ಲೂ 1982ರ ಗೋಕಾಕ್ ಚಳವಳಿಯ ಕಾಲದಿಂದ ಇದೇ ಪ್ರಶ್ನೆ. 2024ರ ತಿದ್ದುಪಡಿಯಂತೆ ಕರ್ನಾಟಕದ ಅಂಗಡಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕು. ಕ್ವಿಬೆಕ್‌ನಲ್ಲಿ 2025ರ ಜೂನ್‌ನಿಂದ ಹೊರಗಿನ ಬೋರ್ಡುಗಳಲ್ಲಿ ಫ್ರೆಂಚ್ ಅಕ್ಷರಗಳಿಗೆ ಬೇರೆ ಭಾಷೆಯ ಎರಡರಷ್ಟು ಜಾಗ ಸಿಗಬೇಕು. ಎರಡೂ ಕಡೆ ಬೇಡಿಕೆ ಒಂದೇ: ನಮ್ಮ ಊರಿನಲ್ಲಿ ನಮ್ಮ ನುಡಿ ಕಾಣಲಿ. ಇದನ್ನು ಸರ್ಕಾರದಿಂದ, ಕಂಪನಿಗಳಿಂದ, ಇಲ್ಲೇ ನೆಲೆಯೂರಿದವರಿಂದ ಗಟ್ಟಿಯಾಗಿ ಕೇಳಬೇಕು. ನಿನ್ನೆ ರೈಲಿಳಿದ ಕೂಲಿಯವನಿಂದ, ಹಂಪಿ ನೋಡಲು ಬಂದ ಪ್ರವಾಸಿಯಿಂದ ಕೇಳುವುದಲ್ಲ. ಈ ವ್ಯತ್ಯಾಸವನ್ನು ಬೀದಿಯ ಮಟ್ಟದಲ್ಲಿ ಕ್ವಿಬೆಕ್‌ನ ಸಾಮಾನ್ಯ ಜನ ಚೆನ್ನಾಗಿ ಪಾಲಿಸುತ್ತಿದ್ದಾರೆ. ಅದಕ್ಕಾಗಿ ನನಗೆ ಅವರ ಮೇಲೆ ಗೌರವ.

ಹೊರಟು ನಿಂತಿರುವ ಹಿರಿಯರಿಗೆ ಒಂದೆರಡು ಮಾತು. ಯಾವ ಅಂಗಡಿ, ಯಾವ ಬಸ್ಸು ಹತ್ತಿದರೂ ಮೊದಲು 'ಬೋಂಜೂರ್' ಎನ್ನಿ. ಉಚ್ಚಾರ ಹೇಗಿದ್ದರೂ ನಡೆಯುತ್ತದೆ. ಆಮೇಲೆ ನಿಮಗೆ ಬಂದ ಭಾಷೆಯಲ್ಲಿ, ಕೈಸನ್ನೆಯಲ್ಲಿ ಕೇಳಿ. ಉತ್ತರ ಫ್ರೆಂಚ್‌ನಲ್ಲಿ ಬಂದರೆ ಬೇಸರಪಡಬೇಡಿ, ಅದು ಅವರ ಮನೆಯ ಮಾತು. ಮಕ್ಕಳ ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ. ತುರ್ತಿಗೆ 911, ಆರೋಗ್ಯದ ಸಲಹೆಗೆ 811 ಎಂಬ ಸಂಖ್ಯೆಗಳನ್ನು ಫೋನಿನ ಹತ್ತಿರ ಅಂಟಿಸಿಡಿ. ಎರಡರಲ್ಲೂ ಇಂಗ್ಲಿಷ್ ನಡೆಯುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಅಲ್ಲಿ ನೆಲೆಸಿದ ನಿಮ್ಮ ಮಕ್ಕಳ ಮಕ್ಕಳು ಬೆಳೆದ ಮೇಲೆ ಫ್ರೆಂಚ್ ಶಾಲೆಗೆ ಹೋಗುತ್ತಾರೆ. ಆಟದ ಬಯಲಿನಲ್ಲಿ ಇಂಗ್ಲಿಷೂ ತಾನಾಗಿ ಬರುತ್ತದೆ. ಈ ಎರಡನ್ನೂ ಕಲಿಸುವ ಚಿಂತೆ ನಿಮಗೆ ಬೇಡ. ಮನೆಯೊಳಗಿನ ಮಾತಿಗೆ ಕ್ವಿಬೆಕ್‌ನ ಯಾವ ಕಾನೂನಿನ ಅಡ್ಡಿಯೂ ಇಲ್ಲ. ನೀವು ಅಲ್ಲಿರುವಷ್ಟು ದಿನವೂ ಮೊಮ್ಮಕ್ಕಳೊಂದಿಗೆ ಕನ್ನಡದಲ್ಲೇ ಮಾತಾಡಿ.